ಘಾಟಿಯ ತಿರುವಿನಲ್ಲಿ ಮಿಣುಕುವ ಹೆಡ್‌ಲೈಟ್: ಡೈನಮೊ ಬದಲಾಯಿಸುವ ಮೊದಲು

ಪ್ರಶ್ನೆ: ನನ್ನದು 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ತೀರ್ಥಹಳ್ಳಿಯಿಂದ ಉಡುಪಿಗೆ ತಿಂಗಳಿಗೆ ಮೂರು ನಾಲ್ಕು ಸಲ ಆಗುಂಬೆ ಘಾಟಿಯ ಮೂಲಕ ಓಡಾಡುತ್ತೇನೆ. ಕಳೆದ ಮಳೆಗಾಲದಿಂದ ಘಾಟಿಯ ತಿರುವುಗಳಲ್ಲಿ ಕಾರು ನಿಧಾನವಾದಾಗ ಎರಡೂ ಹೆಡ್‌ಲೈಟ್‌ಗಳು ಮಿಣುಕುತ್ತವೆ; ಆಕ್ಸಿಲರೇಟರ್ ತುಳಿದರೆ ಬೆಳಕು ನೆಟ್ಟಗಾಗುತ್ತದೆ. ಇದಲ್ಲದೆ ಗುಂಡಿಗೆ ಇಳಿದಾಗ ಬಲಗಡೆಯ ದೀಪ ಒಮ್ಮೊಮ್ಮೆ ಪೂರ್ತಿ ಆರಿ ಮತ್ತೆ ಹತ್ತಿಕೊಳ್ಳುತ್ತದೆ. ಬಲ್ಬ್‌ಗಳನ್ನು ಎರಡು ಸಲ, ಬ್ಯಾಟರಿಯನ್ನು ಒಂದು ಸಲ ಬದಲಾಯಿಸಿದ್ದೇನೆ. ಈಗ ಎಲೆಕ್ಟ್ರಿಷಿಯನ್ ಡೈನಮೊ ಹೊಸದು ಹಾಕಬೇಕು ಎನ್ನುತ್ತಾರೆ. ಸ್ನೇಹಿತರೊಬ್ಬರು ಎಲ್‌ಇಡಿ ಬಲ್ಬ್ ಹಾಕಿಸಿಕೊಂಡರೆ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಕೇಳಬೇಡಿ. ನೀವು ಬರೆದಿರುವುದನ್ನು ಎರಡು ಸಲ ಓದಿದ ಮೇಲೆ ನನಗೆ ಅನಿಸಿದ್ದೇನೆಂದರೆ, ನಿಮ್ಮ ಕಾರಿನಲ್ಲಿ ಇರುವುದು ಒಂದು ದೋಷವಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ದೋಷಗಳು. ಎಂಜಿನ್ ನಿಧಾನವಾದಾಗ ಎರಡೂ ದೀಪಗಳು ಒಟ್ಟಿಗೆ ಮಿಣುಕುವುದು ಒಂದು. ಗುಂಡಿಗೆ ಇಳಿದಾಗ ಬಲಗಡೆಯದು ಮಾತ್ರ ಆರುವುದು ಇನ್ನೊಂದು. ಇವೆರಡನ್ನೂ ಒಂದೇ ಕಾಯಿಲೆ ಎಂದುಕೊಂಡು ಮದ್ದು ಹುಡುಕಿದ್ದರಿಂದಲೇ ಎರಡು ಜೊತೆ ಬಲ್ಬ್ ಮತ್ತು ಒಂದು ಬ್ಯಾಟರಿಯ ಹಣ ವ್ಯರ್ಥವಾಗಿದೆ. ಡೈನಮೊ ಬದಲಾಯಿಸಿದರೂ ಬಲಗಡೆಯ ದೀಪ ಗುಂಡಿಯಲ್ಲಿ ಆರುವುದು ನಿಲ್ಲುವುದಿಲ್ಲ ಎಂಬುದನ್ನು ಕಾರನ್ನು ನೋಡದೆಯೇ ಹೇಳಬಹುದು.

ಮೊದಲಿಗೆ ಲೆಕ್ಕ. ನಿಮ್ಮ ಕಾಲದ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಎಚ್4 ಹ್ಯಾಲೊಜೆನ್ ಬಲ್ಬ್, ಅಂದರೆ ಹೈಬೀಮ್‌ಗೆ 60 ವ್ಯಾಟ್, ಲೋಬೀಮ್‌ಗೆ 55 ವ್ಯಾಟ್ ಎಂಬ ಎರಡು ತಂತುಗಳುಳ್ಳ ಬಲ್ಬ್. ಲೋಬೀಮ್‌ನಲ್ಲಿ ಎರಡೂ ಬಲ್ಬ್ ಸೇರಿ ಸುಮಾರು 9 ಆಂಪಿಯರ್ ಕರೆಂಟ್ ಎಳೆಯುತ್ತವೆ. ಈ ಕರೆಂಟ್ ಹರಿಯುವ ದಾರಿಯಲ್ಲಿ ಎಲ್ಲಾದರೂ ಕಿಲುಬು ಹಿಡಿದ ಒಂದು ಜೋಡಣೆ ಇದ್ದು ಅದರ ತಡೆ ಕೇವಲ 0.1 ಓಮ್ ಇದ್ದರೂ ಅಲ್ಲಿಯೇ 0.9 ವೋಲ್ಟ್ ನಷ್ಟವಾಗುತ್ತದೆ. ಹನ್ನೆರಡು ಹದಿಮೂರು ವೋಲ್ಟ್‌ಗಳಲ್ಲಿ ಒಂದು ವೋಲ್ಟ್ ಹೋದರೆ ಏನು ಮಹಾ ಎನ್ನಬೇಡಿ. ತಂತುವಿನ ಬಲ್ಬ್ ಕೊಡುವ ಬೆಳಕು ವೋಲ್ಟೇಜಿನ ಜೊತೆ ಸಮನಾಗಿ ಇಳಿಯುವುದಿಲ್ಲ, ಅದರ ಸುಮಾರು ಮೂರು ಪಟ್ಟು ಪ್ರಮಾಣದಲ್ಲಿ ಇಳಿಯುತ್ತದೆ: ವೋಲ್ಟೇಜ್ ಶೇಕಡಾ 10 ತಗ್ಗಿದರೆ ಬೆಳಕು ಶೇಕಡಾ 30ರಷ್ಟು ತಗ್ಗುತ್ತದೆ. ಆದ್ದರಿಂದಲೇ ಹಾರ್ನ್, ವೈಪರ್, ರೇಡಿಯೊ ಯಾವುದರಲ್ಲೂ ತಿಳಿಯದ ಸಣ್ಣ ಏರುಪೇರು ಹೆಡ್‌ಲೈಟಿನಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ.

ಇನ್ನು ಘಾಟಿಯ ವಿಷಯ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಮಳೆಗಾಲದ ರಾತ್ರಿಯಲ್ಲಿ ಇಳಿಯುವಾಗ ಕಾರಿನ ಮೇಲೆ ಬೀಳುವ ವಿದ್ಯುತ್ ಹೊರೆಯನ್ನು ಒಮ್ಮೆ ಎಣಿಸಿ ನೋಡಿ. ಹೆಡ್‌ಲೈಟ್ ಉರಿಯುತ್ತಿರುತ್ತದೆ, ವೈಪರ್ ಓಡುತ್ತಿರುತ್ತದೆ, ಗಾಜಿನ ಮಂಜು ಹೋಗಲೆಂದು ಬ್ಲೋವರ್ ಮತ್ತು ಎ.ಸಿ. ಹಾಕಿರುತ್ತೀರಿ, ಎ.ಸಿ. ಹಾಕಿದ್ದರಿಂದ ರೇಡಿಯೇಟರ್ ಫ್ಯಾನ್ ಕೂಡ ತಿರುಗುತ್ತದೆ, ಪದೇ ಪದೇ ಬ್ರೇಕ್ ತುಳಿಯುವುದರಿಂದ ಹಿಂದಿನ ಬ್ರೇಕ್ ದೀಪಗಳು ಹತ್ತುತ್ತವೆ, ನಿಮ್ಮ ಕಾರಿನಲ್ಲಿ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇದ್ದರೆ ನಿಧಾನವಾಗಿ ಪೂರ್ತಿ ತಿರುಗಿಸುವ ಹೊತ್ತಿನಲ್ಲಿಯೇ ಅದರ ಮೋಟಾರು ಅತಿ ಹೆಚ್ಚು ಕರೆಂಟ್ ಕೇಳುತ್ತದೆ. ಇಷ್ಟೆಲ್ಲ ಬೇಡಿಕೆ ಬರುವ ಕ್ಷಣದಲ್ಲಿ ಎಂಜಿನ್ ಮಾತ್ರ ಐಡಲಿಂಗ್‌ಗೆ (ಆಕ್ಸಿಲರೇಟರ್ ತುಳಿಯದಿದ್ದಾಗಿನ ವೇಗಕ್ಕೆ) ಹತ್ತಿರದ ವೇಗದಲ್ಲಿರುತ್ತದೆ, ಮತ್ತು ಎಂಜಿನ್ನಿನಿಂದ ತಿರುಗಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಆ ವೇಗದಲ್ಲಿ ತನ್ನ ಪೂರ್ಣ ಸಾಮರ್ಥ್ಯವನ್ನು ಕೊಡಲಾರದು. ಆದ್ದರಿಂದ ಸ್ಟೀರಿಂಗ್ ತಿರುಗಿಸಿದ ಕ್ಷಣ ಅಥವಾ ಫ್ಯಾನ್ ಶುರುವಾದ ಕ್ಷಣ ಬೆಳಕು ಒಂದು ಸಲ ಕುಗ್ಗಿ ಕೂಡಲೇ ಸರಿಹೋದರೆ ಅದು ದೋಷವೇ ಅಲ್ಲ. ಹೊಸ ಕಾರುಗಳಲ್ಲೂ ಅಷ್ಟು ಕಾಣುತ್ತದೆ. ನಿಧಾನವಾಗಿ ಇರುವಷ್ಟು ಹೊತ್ತೂ ಬೆಳಕು ಬಿಟ್ಟು ಬಿಟ್ಟು ನಡುಗುತ್ತಿದ್ದರೆ ಮಾತ್ರ ಹುಡುಕಬೇಕು.

(ಗ್ಯಾರೇಜಿನವರು ಡೈನಮೊ ಎಂದು ಕರೆಯುವುದು ಇದೇ ಆಲ್ಟರ್ನೇಟರನ್ನು. ನಿಜವಾದ ಡೈನಮೊ ಕಾರುಗಳಿಂದ ಮಾಯವಾಗಿ ದಶಕಗಳಾದವು, ಹೆಸರು ಮಾತ್ರ ಉಳಿದುಕೊಂಡಿದೆ. ನಾನೂ ಮುಂದೆ ಡೈನಮೊ ಎಂದೇ ಬರೆಯುತ್ತೇನೆ, ಅಂಗಡಿಯಲ್ಲಿ ಮಾತನಾಡುವಾಗ ನಿಮಗೆ ಅದೇ ಅನುಕೂಲ.)

ಹುಡುಕುವ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮೊದಲ ಪ್ರಶ್ನೆ: ದೋಷ ಕರೆಂಟ್ ಹುಟ್ಟುವ ಕಡೆ ಇದೆಯೋ, ಅದು ಹರಿಯುವ ದಾರಿಯಲ್ಲಿದೆಯೋ? ಇದನ್ನು ತಿಳಿಯಲು ದೊಡ್ಡ ಉಪಕರಣ ಬೇಡ. ಇಂಡಿಕೇಟರಿಗೆ ಹಾಕುವ 21 ವ್ಯಾಟ್ ಬಲ್ಬ್ ಒಂದನ್ನು ಹೋಲ್ಡರ್ ಸಮೇತ ತಂದು, ಎರಡು ಉದ್ದನೆಯ ತಂತಿ ಜೋಡಿಸಿ, ಪ್ಲಸ್ ತಂತಿಗೆ 5 ಆಂಪಿಯರ್ ಫ್ಯೂಸ್ ಹಾಕಿ, ನೇರವಾಗಿ ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಸಿಕ್ಕಿಸಿ. ಕತ್ತಲಾದ ಮೇಲೆ ಕಾರನ್ನು ಗೋಡೆಯ ಎದುರು ನಿಲ್ಲಿಸಿ, ಗೇರ್ ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಐಡಲಿಂಗ್‌ನಲ್ಲಿಟ್ಟು, ಘಾಟಿಯಲ್ಲಿ ಹಾಕುವುದನ್ನೆಲ್ಲ ಹಾಕಿ. ಗೋಡೆಯ ಮೇಲಿನ ಹೆಡ್‌ಲೈಟ್ ಬೆಳಕು ನಡುಗುವಾಗ ಈ ಬಲ್ಬಿನ ಬೆಳಕೂ ಜೊತೆಯಲ್ಲಿಯೇ ನಡುಗಿದರೆ ದೋಷ ಮೂಲದಲ್ಲಿದೆ: ಡೈನಮೊ, ಅದರ ಬೆಲ್ಟ್, ಬ್ಯಾಟರಿ ಮತ್ತು ಇವುಗಳ ದಪ್ಪ ಕೇಬಲ್‌ಗಳು. ಹೆಡ್‌ಲೈಟ್ ನಡುಗಿದರೂ ಈ ಬಲ್ಬ್ ನಿಶ್ಚಲವಾಗಿ ಉರಿದರೆ ಡೈನಮೊಗೆ ಕೈಹಾಕುವ ಅಗತ್ಯವೇ ಇಲ್ಲ. ದೋಷ ಬ್ಯಾಟರಿಯಿಂದ ಹೆಡ್‌ಲೈಟಿನವರೆಗಿನ ವೈರಿಂಗ್‌ನಲ್ಲಿದೆ. ಅಗ್ಗದ ಡಿಜಿಟಲ್ ಮಲ್ಟಿಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಾಯಿಸುವುದರಿಂದ ಬೇಗಬೇಗನೆ ಮಿಣುಕುವುದನ್ನು ಅದು ಹಿಡಿಯುವುದಿಲ್ಲ, ಬಲ್ಬ್ ಹಿಡಿಯುತ್ತದೆ.

ಆಕ್ಸಿಲರೇಟರ್ ತುಳಿದಾಗ ಸರಿಹೋಗುತ್ತದೆ ಎಂದು ನೀವು ಬರೆದಿರುವುದರಿಂದ ನಿಮ್ಮ ಪರೀಕ್ಷಾ ಬಲ್ಬ್ ಕೂಡ ನಡುಗುತ್ತದೆ ಎಂಬುದು ನನ್ನ ಊಹೆ. ಹಾಗಾದರೆ ಮುಂದಿನದು ಅಳತೆ. ಕಾರು ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿಯ ಟರ್ಮಿನಲ್‌ಗಳ ನಡುವೆ 12.6 ವೋಲ್ಟ್ ಸಿಗಬೇಕು, 12.2ಕ್ಕೆ ಇಳಿದಿದ್ದರೆ ಅದು ಅರ್ಧ ಖಾಲಿ, ಮೊದಲು ಚಾರ್ಜ್ ಮಾಡಿಸಿ. ಎಂಜಿನ್ ಶುರು ಮಾಡಿದ ಮೇಲೆ ಯಾವ ಹೊರೆಯೂ ಇಲ್ಲದೆ 13.8ರಿಂದ 14.5ರ ಒಳಗೆ ಇರಬೇಕು. ಎಲ್ಲ ಹೊರೆ ಹಾಕಿದಾಗ ಐಡಲಿಂಗ್‌ನಲ್ಲಿ 13ರ ಆಸುಪಾಸಿಗೆ ಇಳಿಯಬಹುದು, ಆದರೆ 12.5ಕ್ಕಿಂತ ಕೆಳಗೆ ಹೋಗುತ್ತಿದ್ದರೆ ಬೆಳಕಿಗೆ ಬೇಕಾದ ಕರೆಂಟನ್ನು ಬ್ಯಾಟರಿ ತನ್ನ ಗಂಟಿನಿಂದ ಕೊಡುತ್ತಿದೆ ಎಂದರ್ಥ. ಹಾಗೆಯೇ ಎಂಜಿನ್ ವೇಗ ಹೆಚ್ಚಿಸಿದಾಗ 15 ವೋಲ್ಟ್ ದಾಟಿದರೆ, ಡೈನಮೊದ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಬಲ್ಬ್‌ಗಳು ಬೇಗ ಬೇಗ ಸುಟ್ಟುಹೋಗುವುದಕ್ಕೆ ಅದೇ ಕಾರಣವಾಗಿರಬಹುದು, ಏಕೆಂದರೆ ವೋಲ್ಟೇಜ್ ಶೇಕಡಾ 5ರಷ್ಟು ಹೆಚ್ಚಾದರೆ ಹ್ಯಾಲೊಜೆನ್ ಬಲ್ಬಿನ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಐಡಲಿಂಗ್‌ನಲ್ಲಿ ವೋಲ್ಟೇಜ್ ಕುಸಿಯುತ್ತಿದೆ ಎಂದು ತಿಳಿದ ಕೂಡಲೇ ಡೈನಮೊ ಹೋಯಿತು ಎಂದು ತೀರ್ಮಾನಿಸುವುದು ಅಂಗಡಿಗಳಲ್ಲಿ ನಡೆಯುವ ಸಾಮಾನ್ಯ ತಪ್ಪು. ಅದಕ್ಕೂ ಮೊದಲು ನೋಡಬೇಕಾದದ್ದು ಬೆಲ್ಟ್. ನಿಮ್ಮ ತೊಂದರೆ ಮಳೆಗಾಲದಲ್ಲಿ ಆರಂಭವಾಯಿತು ಎಂಬ ಮಾತಿನ ಮೇಲೆ ನನ್ನ ಕಣ್ಣು ಹೋದದ್ದು ಇದಕ್ಕಾಗಿಯೇ. ಹಳೆಯದಾಗಿ ಒಳಮೈ ಕನ್ನಡಿಯಂತೆ ನುಣುಪಾದ ಬೆಲ್ಟ್ ಒಣಗಿದ್ದಾಗ ಹೇಗೋ ಹಿಡಿದುಕೊಂಡು ತಿರುಗಿಸುತ್ತದೆ. ರಸ್ತೆಯ ನೀರು ಸಿಡಿದು ತೋಯ್ದಾಗ ಹೊರೆ ಹೆಚ್ಚಾದ ಕ್ಷಣವೇ ಪುಲ್ಲಿಯ ಮೇಲೆ ಜಾರುತ್ತದೆ. ಜಾರಿದಾಗ ಡೈನಮೊ ನಿಧಾನವಾಗುತ್ತದೆ, ಹೊರೆ ಕಡಿಮೆಯಾಗುತ್ತದೆ, ಮತ್ತೆ ಹಿಡಿಯುತ್ತದೆ, ಮತ್ತೆ ಜಾರುತ್ತದೆ. ಇದೇ ಬಿಟ್ಟು ಬಿಟ್ಟು ಬರುವ ನಡುಕ. ಬೆಳಿಗ್ಗೆ ಕಾರು ಶುರು ಮಾಡಿದಾಗ ಬಾನೆಟ್ ಒಳಗಿನಿಂದ ಕೀಚಲು ಸದ್ದು ಬಂದು ನಿಲ್ಲುತ್ತಿದ್ದರೆ ಅನುಮಾನ ಬೇಡ. ಎಂಜಿನ್ ನಿಲ್ಲಿಸಿ, ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಬಹುಪಾಲು ಸಣ್ಣ ಕಾರುಗಳಲ್ಲಿ ಅದು ಒಂದು ಸೆಂಟಿಮೀಟರಿನಷ್ಟು ಬಾಗಿದರೆ ಸರಿ, ಎರಡು ಸೆಂಟಿಮೀಟರ್ ಬಾಗಿದರೆ ಸಡಿಲ. ಸ್ವಯಂಚಾಲಿತ ಟೆನ್ಷನರ್ ಇರುವ ಕಾರಿಗೆ ಈ ಲೆಕ್ಕ ಹೊಂದುವುದಿಲ್ಲ, ಅಲ್ಲಿ ಬೆಲ್ಟಿನ ಸೀಳು ಮತ್ತು ನುಣುಪನ್ನಷ್ಟೇ ನೋಡಬೇಕು. ಬಿಗಿ ಮಾಡುವಾಗ ಅತಿ ಮಾಡಿದರೆ ಡೈನಮೊದ ಬೇರಿಂಗ್ ಬೇಗ ಸವೆಯುತ್ತದೆ.

ಬೆಲ್ಟ್ ಸರಿಯಿದ್ದರೆ ಕೇಬಲ್‌ಗಳು. ಎಂಜಿನ್ ಓಡುತ್ತಾ ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿರುವಾಗ, ಮಲ್ಟಿಮೀಟರನ್ನು ಡಿ.ಸಿ. (ಒಂದೇ ದಿಕ್ಕಿನ ಕರೆಂಟ್) 20 ವೋಲ್ಟ್‌ಗೆ ಇಟ್ಟು ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಟರ್ಮಿನಲ್ಲಿನ ಸೀಸದ ಕಂಬಕ್ಕೇ ತಾಗಿಸಿ; ಅದಕ್ಕೆ ಹಾಕಿದ ಕ್ಲ್ಯಾಂಪಿಗೆ ಅಲ್ಲ, ಕಂಬಕ್ಕೆ. ಇನ್ನೊಂದನ್ನು ಡೈನಮೊದ ಲೋಹದ ಮೈಗೆ ತಾಗಿಸಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಎಂಜಿನ್ನಿನ ಮೈಯನ್ನು ಬ್ಯಾಟರಿಯ ಮೈನಸ್ಸಿಗೆ ಸೇರಿಸುವ ಅರ್ತ್ ಕೇಬಲ್ಲಿನಲ್ಲಿ ನಷ್ಟವಾಗುತ್ತಿದೆ. ಹಾಗೆಯೇ ಬ್ಯಾಟರಿಯ ಪ್ಲಸ್ ಕಂಬದಿಂದ ಡೈನಮೊದ ಹಿಂದಿರುವ ದಪ್ಪ ಬೋಲ್ಟಿನವರೆಗೆ ಅಳೆಯಿರಿ. ಅಲ್ಲಿ ಕಡ್ಡಿ ಜಾರಿ ಎಂಜಿನ್ನಿನ ಮೈಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ, ಬೆಲ್ಟ್ ಮತ್ತು ಫ್ಯಾನ್ ಹತ್ತಿರದಲ್ಲಿಯೇ ತಿರುಗುತ್ತಿರುತ್ತವೆ, ಆದ್ದರಿಂದ ಕೈ ನಡುಗುವವರು ಇದನ್ನು ಎಲೆಕ್ಟ್ರಿಷಿಯನ್‌ಗೇ ಬಿಡುವುದು ಒಳ್ಳೆಯದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕೇಬಲ್ ಬಿಚ್ಚಿ, ಮೀಟರನ್ನು ಓಮ್‌ಗೆ ಇಟ್ಟು, ‘ಬೀಪ್ ಬರುತ್ತದೆ, ಕೇಬಲ್ ಚೆನ್ನಾಗಿದೆ’ ಎನ್ನುವ ಪರೀಕ್ಷೆಯನ್ನು ನಂಬಬೇಡಿ. ಇಪ್ಪತ್ತು ಎಳೆಗಳಿರುವ ತಂತಿಯಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ, ಏಕೆಂದರೆ ಮೀಟರ್ ಕಳಿಸುವುದು ತೀರಾ ಸಣ್ಣ ಕರೆಂಟ್. ಹೊರೆ ಬಿದ್ದಾಗ ಎಷ್ಟು ವೋಲ್ಟ್ ನಷ್ಟವಾಗುತ್ತದೆ ಎಂದು ಅಳೆದಾಗ ಮಾತ್ರ ಅಂಥ ತಂತಿ ಸಿಕ್ಕಿಬೀಳುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಬಳಿಗೆ ಬಂದ ಕಾರೊಂದಕ್ಕೆ ಬೇರೊಂದು ಗ್ಯಾರೇಜಿನಲ್ಲಿ ಡೈನಮೊ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹತ್ತಿಸಿ ಆರಿಸುವ ಸ್ವಿಚ್), ಬಲ್ಬ್ ಎಲ್ಲವನ್ನೂ ಹೊಸದಾಗಿ ಹಾಕಿದ್ದರು. ಓಮ್ ಪರೀಕ್ಷೆಯನ್ನೂ ಮಾಡಿದ್ದರು. ಸಣ್ಣ ಅಪಘಾತದ ಬಳಿಕ ಮುಂಭಾಗಕ್ಕೆ ಬಣ್ಣ ಹೊಡೆದಾಗ ಅರ್ತ್ ಬೋಲ್ಟಿನ ಕೆಳಗಿನ ಲೋಹಕ್ಕೂ ಬಣ್ಣ ಬಿದ್ದಿತ್ತು, ಬೋಲ್ಟಿನ ಮರೆಗಳ (ತಿರುಪಿನ ಗೆರೆಗಳ) ಮೂಲಕ ಮಾತ್ರ ಕರೆಂಟ್ ಹಾಯುತ್ತಿತ್ತು. ಎಮೆರಿ ಕಾಗದದಿಂದ ಉಜ್ಜಿ ಬಿಗಿದದ್ದಕ್ಕೆ ನಾನು ಎಷ್ಟು ಕೂಲಿ ಕೇಳಬೇಕೆಂದು ತಿಳಿಯದೆ ಕಾಫಿ ಕುಡಿಸಿ ಕಳಿಸಿದೆ.

ಬೆಲ್ಟ್ ಹಿಡಿತದಲ್ಲಿದ್ದು, ಕೇಬಲ್‌ಗಳಲ್ಲಿ ನಷ್ಟವಿಲ್ಲದೆ, ಆಗಲೂ ಬ್ಯಾಟರಿಯಲ್ಲಿ ವೋಲ್ಟೇಜ್ ಕುಸಿಯುತ್ತಿದ್ದರೆ ಆಗ ಡೈನಮೊ ಬಿಚ್ಚಿಸಿ. ಬಿಚ್ಚುವ ಮೊದಲು ಇನ್ನೊಂದು ಸುಲಭದ ಅಳತೆ: ಎಂಜಿನ್ ಓಡುತ್ತಿರುವಾಗ ಮೀಟರನ್ನು ಎ.ಸಿ. ವೋಲ್ಟ್‌ಗೆ (ಇಲ್ಲಿ ಎ.ಸಿ. ಎಂದರೆ ದಿಕ್ಕು ಬದಲಿಸುತ್ತಿರುವ ಕರೆಂಟ್, ಕಾರಿನ ತಂಪು ಎ.ಸಿ. ಅಲ್ಲ) ತಿರುಗಿಸಿ ಬ್ಯಾಟರಿಗೆ ಹಿಡಿಯಿರಿ. ಡೈನಮೊ ಒಳಗೆ ಹುಟ್ಟುವುದು ಎ.ಸಿ.; ಅದನ್ನು ಡಯೋಡ್‌ಗಳು ಡಿ.ಸಿ. ಮಾಡಿ ಕೊಡುತ್ತವೆ. ಎಲ್ಲ ಡಯೋಡ್‌ಗಳು ಸರಿಯಿದ್ದರೆ ಎ.ಸಿ. ಅಂಕಿ 0.1 ವೋಲ್ಟಿಗಿಂತ ಕಡಿಮೆ ಇರುತ್ತದೆ, ಅರ್ಧ ವೋಲ್ಟ್ ತೋರಿಸಿದರೆ ಡಯೋಡ್ ಹೋಗಿದೆ. ಕೆಲವು ಅಗ್ಗದ ಮೀಟರ್‌ಗಳು ಎ.ಸಿ.ಯಲ್ಲಿ ಡಿ.ಸಿ.ಯನ್ನೂ ಸೇರಿಸಿ ಸುಳ್ಳು ಅಂಕಿ ತೋರಿಸುವುದರಿಂದ, ಎಂಜಿನ್ ನಿಂತಿರುವಾಗ ಅದೇ ಬ್ಯಾಟರಿಗೆ ಹಿಡಿದು ಸೊನ್ನೆ ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಡಯೋಡ್ ಸರಿಯಿದ್ದರೆ ಉಳಿಯುವುದು ಡೈನಮೊದ ತಿರುಗುವ ಭಾಗಕ್ಕೆ ತಾಗಿ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಮತ್ತು ರೆಗ್ಯುಲೇಟರ್. ಹನ್ನೆರಡು ವರ್ಷ ದಾಟಿದ ಕಾರಿನಲ್ಲಿ ಕಾರ್ಬನ್ ಸವೆದಿರುವುದು ಸಹಜ. ಸವೆದ ಕಾರ್ಬನ್ ಬಿಟ್ಟು ಬಿಟ್ಟು ತಾಗುವುದರಿಂದಲೂ ಇದೇ ಬಗೆಯ ನಡುಕ ಬರುತ್ತದೆ. ಬಹಳಷ್ಟು ಡೈನಮೊಗಳಲ್ಲಿ ಕಾರ್ಬನ್, ರೆಗ್ಯುಲೇಟರ್, ಡಯೋಡ್ ಪ್ಲೇಟ್ ಎಲ್ಲವೂ ಬಿಡಿಯಾಗಿ ಸಿಗುತ್ತವೆ, ಇಡೀ ಡೈನಮೊ ಹೊಸದು ಬೇಕಾಗುವುದು ಒಳಗಿನ ತಂತಿಸುರುಳಿ (ವೈಂಡಿಂಗ್) ಸುಟ್ಟಾಗ. ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದು ಪೂರ್ತಿ ಸುಳ್ಳೂ ಆಗಿರಬೇಕಿಲ್ಲ. ಯಾವ ಅಂಕಿಯನ್ನು ನೋಡಿ ಹಾಗೆ ಹೇಳಿದಿರಿ ಎಂದು ಮಾತ್ರ ಕೇಳಿ.

ಈಗ ಬಲಗಡೆಯ ದೀಪ. ಇದು ಲೂಸ್ ಕಾಂಟ್ಯಾಕ್ಟ್. ಇರುವುದು ಎಲ್ಲಿ ಎಂಬುದಷ್ಟೇ ಪ್ರಶ್ನೆ. ಅದು ಆರುವಾಗ ಪೂರ್ತಿ ಕತ್ತಲಾಗುತ್ತದೆಯೇ ಅಥವಾ ಕೆಂಡದಂತೆ ಮಂಕಾಗಿ ಉಳಿಯುತ್ತದೆಯೇ ಎಂದು ಗಮನವಿಟ್ಟು ನೋಡಿ. ಎಚ್4 ಬಲ್ಬಿಗೆ ಮೂರು ಕಾಲುಗಳು: ಲೋಬೀಮ್‌ಗೆ ಒಂದು, ಹೈಬೀಮ್‌ಗೆ ಒಂದು, ಎರಡಕ್ಕೂ ಸೇರಿ ಒಂದು. ಮೂರನೆಯ ಈ ಕಾಲು ಕಡಿದುಹೋದರೆ ಕರೆಂಟ್ ಲೋಬೀಮ್ ತಂತುವಿನಿಂದ ಅದೇ ಬಲ್ಬಿನ ಹೈಬೀಮ್ ತಂತುವಿಗೆ ನುಗ್ಗಿ, ಅಲ್ಲಿಂದ ಎಡಗಡೆಯ ಬಲ್ಬಿನ ಹೈಬೀಮ್ ತಂತುವಿನ ಮೂಲಕ ಸುತ್ತುದಾರಿ ಹಿಡಿಯುತ್ತದೆ. ಆಗ ಬಲ್ಬ್ ಕೆಂಪಗೆ ಮಂಕಾಗುತ್ತದೆ, ನೀವು ಲೋಬೀಮ್‌ನಲ್ಲಿದ್ದರೂ ಡ್ಯಾಶ್‌ಬೋರ್ಡಿನ ನೀಲಿ ಹೈಬೀಮ್ ಗುರುತು ಸಣ್ಣಗೆ ಹೊಳೆಯಬಹುದು. ಪೂರ್ತಿ ಕತ್ತಲಾದರೆ ಲೋಬೀಮ್‌ನ ಕಾಲು, ಅದರ ತಂತಿ ಅಥವಾ ಬಲಗಡೆಗೆ ಪ್ರತ್ಯೇಕವಾಗಿ ಇರುವ ಫ್ಯೂಸಿನ ಹಿಡಿತ ಸಡಿಲವಾಗಿದೆ. ನೀವು ‘ಪೂರ್ತಿ’ ಎಂದು ಬರೆದಿದ್ದೀರಿ, ಆದ್ದರಿಂದ ನಾನಾದರೆ ಇವುಗಳಿಂದ ಆರಂಭಿಸುತ್ತೇನೆ.

ಹೆಡ್‌ಲೈಟ್ ಹತ್ತು ನಿಮಿಷ ಉರಿದ ಬಳಿಕ ಬಾನೆಟ್ ಎತ್ತಿ, ಬಲ್ಬಿನ ಹಿಂದಿನ ಹೋಲ್ಡರನ್ನು ಮೆಲ್ಲನೆ ಆಚೀಚೆ ಅಲುಗಿಸಿ. ಅಲುಗಿಸಿದಾಗ ಬೆಳಕು ಹೋಗಿ ಬಂದರೆ ಕಳ್ಳ ಸಿಕ್ಕಿದ. ದೀಪ ಆರಿಸಿ, ತಣ್ಣಗಾದ ಮೇಲೆ ಕಳಚಿ ನೋಡಿದರೆ ಬಹುಮಟ್ಟಿಗೆ ಪ್ಲಾಸ್ಟಿಕ್ ಒಂದು ಕಡೆ ಕಂದಾಗಿ ಬೆಂದಿರುತ್ತದೆ, ಒಳಗಿನ ಹಿತ್ತಾಳೆಯ ಪಟ್ಟಿ ಬಣ್ಣಗೆಟ್ಟು ಅಗಲಗೊಂಡಿರುತ್ತದೆ. ಹೋಲ್ಡರ್ ಒಮ್ಮೆ ಸಡಿಲವಾದರೆ ಕಾಯುತ್ತದೆ, ಕಾದರೆ ಇನ್ನೂ ಸಡಿಲವಾಗುತ್ತದೆ. ಎರಡು ಸಲ ಹೊಸ ಬಲ್ಬ್ ಹಾಕಿದರೂ ಗುಣ ಕಾಣದಿದ್ದುದಕ್ಕೆ ಕಾರಣ ಇದು. ಇಕ್ಕಳದಿಂದ ಒತ್ತಿ ಬಿಗಿ ಮಾಡುವುದು ನಾಲ್ಕು ದಿನದ ಮಾತು. ಸೆರಾಮಿಕ್ ಹೋಲ್ಡರ್ ತಂದು, ಬೆಂದ ತಂತಿಯನ್ನು ತಾಮ್ರ ಹೊಳೆಯುವ ತನಕ ಹಿಂದಕ್ಕೆ ಕತ್ತರಿಸಿ, ಕ್ರಿಂಪ್ ಮಾಡಿ (ಒತ್ತಿ ಜೋಡಿಸಿ) ಮೇಲೆ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಸ್ಲೀವ್ ಹಾಕಿಸಿ. ತಂತಿಗಳನ್ನು ಸುಮ್ಮನೆ ಹೊಸೆದು ಟೇಪ್ ಸುತ್ತಿದರೆ ಮಲೆನಾಡಿನ ಒಂದೇ ಮಳೆಗಾಲಕ್ಕೆ ಒಳಗೆ ಹಸಿರು ಕಿಲುಬು ಕಟ್ಟುತ್ತದೆ. ಹೋಲ್ಡರ್ ಚೆನ್ನಾಗಿದ್ದರೆ ಫ್ಯೂಸ್ ಪೆಟ್ಟಿಗೆಗೆ ಹೋಗಿ. ಎಡ ಬಲದ ಫ್ಯೂಸ್‌ಗಳನ್ನು ಅದಲು ಬದಲು ಮಾಡಿ ನೋಡುವುದಕ್ಕಿಂತ, ಫ್ಯೂಸ್ ಕೂರುವ ಕಚ್ಚುಗಳ ಹಿಡಿತ ಒಂದೇ ಸಮನಾಗಿದೆಯೇ ಎಂದು ಎಳೆದು ನೋಡುವುದು ಉಪಯುಕ್ತ. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು ಎಂಬುದು ನಿಮಗೆ ಈಗಾಗಲೇ ಗೊತ್ತಿರಬಹುದು. ಬೆರಳಿನ ಜಿಡ್ಡು ಉಳಿದ ಜಾಗ ಅತಿಯಾಗಿ ಕಾದು ಬಲ್ಬ್ ಬೇಗ ಹೋಗುತ್ತದೆ.

ಪರೀಕ್ಷಾ ಬಲ್ಬ್ ನಿಶ್ಚಲವಾಗಿದ್ದು ಎರಡೂ ಹೆಡ್‌ಲೈಟ್‌ಗಳು ಮಾತ್ರ ನಡುಗಿದರೆ, ಅಂದರೆ ನನ್ನ ಊಹೆ ತಪ್ಪಾದರೆ, ಸ್ಟೀರಿಂಗ್ ಪಕ್ಕದ ಕಾಂಬಿನೇಷನ್ ಸ್ವಿಚ್ಚನ್ನು ಅನುಮಾನಿಸಿ. ಹಳೆಯ ಕೆಲವು ಸಣ್ಣ ಕಾರುಗಳಲ್ಲಿ ರಿಲೇ ಇಲ್ಲದೆ ಹೆಡ್‌ಲೈಟಿನ ಪೂರ್ತಿ ಕರೆಂಟ್ ಈ ಸ್ವಿಚ್ಚಿನ ಮೂಲಕವೇ ಹೋಗುತ್ತದೆ, ವರ್ಷಗಳು ಕಳೆದಂತೆ ಅದರ ಒಳಗಿನ ಬಿಂದುಗಳು ಕರಿಕಟ್ಟುತ್ತವೆ. ಸ್ವಿಚ್ ಬದಲಾಯಿಸಿ, ಜೊತೆಗೆ ರಿಲೇ ಇರುವ ವೈರಿಂಗ್ ಕಿಟ್ ಹಾಕಿಸಿದರೆ ಸ್ವಿಚ್ಚಿಗೆ ಬರೀ ಸನ್ನೆ ಮಾಡುವ ಕೆಲಸ ಉಳಿಯುತ್ತದೆ, ಬೆಳಕೂ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಕೊಳ್ಳುವ ಮೊದಲು ಒಂದು ಎಚ್ಚರಿಕೆ: ಜಪಾನಿ ವಿನ್ಯಾಸದ ಕೆಲವು ಕಾರುಗಳಲ್ಲಿ ಬಲ್ಬಿನ ಎರಡಕ್ಕೂ ಸೇರಿದ ಮೂರನೆಯ ಕಾಲಿಗೆ ಸದಾ ಪ್ಲಸ್ ಬರುತ್ತದೆ, ಸ್ವಿಚ್ ನಿಯಂತ್ರಿಸುವುದು ಅರ್ತನ್ನು. ಅಂಥ ಕಾರಿಗೆ ಸಾಮಾನ್ಯ ಕಿಟ್ ಹಾಕಿದರೆ ಕೆಲಸ ಮಾಡುವುದಿಲ್ಲ, ಫ್ಯೂಸ್ ಕೂಡ ಹಾರಬಹುದು.

ಎಲ್‌ಇಡಿ ಸಲಹೆಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಎಲ್‌ಇಡಿ ಬಲ್ಬಿನ ಒಳಗಿರುವ ಡ್ರೈವರ್ ವೋಲ್ಟೇಜ್ ಏರಿಳಿದರೂ ಬೆಳಕನ್ನು ಸಮನಾಗಿ ಇಡಲು ಯತ್ನಿಸುತ್ತದೆ. ಅಂದರೆ ಮಿಣುಕು ನಿಂತರೂ ನಿಲ್ಲಬಹುದು, ಬೆಲ್ಟ್ ಜಾರುವುದು ನಿಲ್ಲುವುದಿಲ್ಲ. ಈಗ ಬೆಳಕು ನಡುಗಿ ನಿಮ್ಮನ್ನು ಎಚ್ಚರಿಸುತ್ತಿದೆ. ಆ ಸೂಚನೆಯನ್ನು ಮುಚ್ಚಿಬಿಟ್ಟರೆ ಮುಂದೊಂದು ರಾತ್ರಿ ಬ್ಯಾಟರಿ ಬರಿದಾಗಿ ಕಾರು ಘಾಟಿಯಲ್ಲೇ ನಿಂತೀತು. ಇನ್ನು, ನಿಮ್ಮ ಹೆಡ್‌ಲೈಟಿನ ರಿಫ್ಲೆಕ್ಟರ್ ರೂಪಗೊಂಡಿರುವುದು ತಂತು ನಿಂತ ಜಾಗಕ್ಕೆ ಸರಿಯಾಗಿ. ಅಲ್ಲಿ ಬೇರೆ ಆಕಾರದ ಎಲ್‌ಇಡಿ ಚಿಪ್ ಕೂರಿಸಿದರೆ ಬೆಳಕು ಚದುರಿ ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯುತ್ತದೆ, ಮಂಜಿನಲ್ಲಿ ನಿಮಗೂ ಬಿಳಿ ಗೋಡೆ ಕಾಣುತ್ತದೆ. ಕಣ್ಣು ಕುಕ್ಕುವ ಇಂಥ ದೀಪಗಳ ಮೇಲೆ ರಾಜ್ಯದ ಪೊಲೀಸರು 2024ರ ಜುಲೈನಿಂದ ಪ್ರಕರಣ ದಾಖಲಿಸಲು ಆರಂಭಿಸಿದ್ದಾರೆ ಎಂಬುದೂ ನೆನಪಿರಲಿ. ಅದೇ ಕಾರಣಕ್ಕೆ 90/100 ವ್ಯಾಟ್‌ನ ಬಲ್ಬ್ ಕೂಡ ಬೇಡ. ಬೆಂದಿರುವ ಹೋಲ್ಡರಿಗೆ ಅದು ಇನ್ನಷ್ಟು ಬೆಂಕಿ.

ಯಾವ ಕೇಬಲ್ ಬಿಚ್ಚುವಾಗಲೂ ಬ್ಯಾಟರಿಯ ಮೈನಸ್ ಮೊದಲು ತೆಗೆಯಿರಿ, ಕೊನೆಗೆ ಹಾಕಿ. ಟರ್ಮಿನಲ್‌ಗಳ ಮೇಲೆ ಬೂದುಬಣ್ಣದ ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ತೊಳೆದು, ಒರೆಸಿ, ಬಿಗಿದ ಬಳಿಕ ಮೇಲಿನಿಂದ ವ್ಯಾಸಲೀನ್ ಸವರಿ. ಎಲ್ಲ ಮುಗಿದ ಮೇಲೆ ಹೆಡ್‌ಲೈಟಿನ ದಿಕ್ಕನ್ನು ಒಮ್ಮೆ ನೋಡಿಕೊಳ್ಳಬೇಕು, ಏಕೆಂದರೆ ಹೋಲ್ಡರ್ ಬದಲಾಯಿಸುವಾಗ ಬಲ್ಬ್ ವಾರೆಯಾಗಿ ಕೂರುವುದುಂಟು. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ ಲೋಬೀಮ್ ಹಾಕಿದಾಗ, ಬೆಳಕಿನ ಮೇಲಂಚು ದೀಪದ ಮಧ್ಯಬಿಂದುವಿನ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು; ಬಲಗಡೆಯದು ಎಡಗಡೆಯದಕ್ಕಿಂತ ಮೇಲೆ ಬಿದ್ದಿದ್ದರೆ ಬಲ್ಬಿನ ತಂತಿಕ್ಲಿಪ್ ಬಿಚ್ಚಿ ಮತ್ತೊಮ್ಮೆ ಸರಿಯಾಗಿ ಕೂರಿಸಿ.